ದ್ವಾರಕಾಬಾಯಿ ಕೈಯ ನಿಬ್ಬಣ

ಮದುವೆ ಮನೆಗೆ ಗೊಂಬೆ ಒಯ್ದರೆ ಮೊದಲು ಯಾರೂ ರೇಟು ಕೇಳುವುದಿಲ್ಲ. ‘ಯಾರ ಕೈ?’ ಅಂತ ಕೇಳುತ್ತಾರೆ.

ಜಮಖಂಡಿ, ಮುಧೋಳದ ಬ್ರಾಹ್ಮಣರ ಮನೆಗಳಲ್ಲಿ ರುಖವತ ಅಂತ ಒಂದು ಪದ್ಧತಿ. ಅಕ್ಷತೆ ಬಿದ್ದ ಮೇಲೆ ಹೆಣ್ಣಿನ ಕಡೆಯವರು ಒಂದು ಕೋಣೆಯಲ್ಲಿ ಉಂಡಿ, ಚಕ್ಕುಲಿ, ಕಸೂತಿ ಕುಬಸ, ಮಣಿ ತೋರಣ, ಬೆರಳುದ್ದದ ಬಣ್ಣದ ಗೊಂಬೆ ಎಲ್ಲ ಜೋಡಿಸಿಟ್ಟು ಬೀಗರನ್ನು ಕರೆದು ತೋರಿಸುತ್ತಾರೆ. ಬೀಗತಿಯರು ಒಂದೊಂದೇ ಎತ್ತಿ, ಇದು ಯಾರ ಕೈ, ಅದು ಯಾರ ಕೈ ಅಂತ ಕೇಳುತ್ತ ಹೋಗಬೇಕು. ಹೆಣ್ಣಿನ ತಾಯಿ, ಇದು ನಮ್ಮ ಹುಡುಗಿ ಕೈ, ಅದು ಅವರತ್ತಿ ಕೈ ಅಂತ ಹೇಳುತ್ತ ಹೋಗಬೇಕು. ಅಲ್ಲಿ ವಸ್ತು ದೊಡ್ಡದಲ್ಲ, ಕೈ ದೊಡ್ಡದು. ಕೈ ಮುತ್ತೈದೆಯದಾಗಿರಬೇಕು, ಇಲ್ಲ ಲಗ್ನ ಆಗದ ಹುಡುಗಿಯದು. ಮೂರನೆಯ ಕೈ ಆ ಕೋಣೆಯೊಳಗೆ ಬರಬಾರದು.

ನಾನು ಮಾರಿದ ಗೊಂಬೆಗಳಿಗೆ ಆ ಮೂರನೆಯ ಕೈ ಇತ್ತು.

ನಾನು ಕುಂಬಾರರವಳು. ಕನ್ನಡ ಸಾಲಿಗೆ ಹೋಗಿದ್ದು ಅಕ್ಷರ ಕೂಡಿಸಲು ಬರುವ ತನಕ ಮಾತ್ರ. ಇದರಲ್ಲಿ ಬೇರೆಯವರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ನಮ್ಮ ಹತ್ತಿರ ಗಡಿಗೆ ಒಯ್ಯುತ್ತಾರೆ. ಬಣ್ಣ ಬರೆದವಳ ಹೆಸರನ್ನು ಮಾತ್ರ ಬರೆಯುತ್ತೇನೆ. ಆಕೆ ದ್ವಾರಕಾಬಾಯಿ. ಜಮಖಂಡಿಯ ಜೋಶಿಯೊಬ್ಬರ ಮಗಳು. ಗಂಡನ ಮುಖ ಸರಿಯಾಗಿ ಗುರುತು ಹಿಡಿಯುವ ಮೊದಲೇ ಆತ ಸತ್ತ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದು ಬಿಟ್ಟರು. ತಂದೆ ಇರುವ ತನಕ ತಂದೆಯ ಮನೆ, ಆಮೇಲೆ ತಮ್ಮನ ಮನೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರ ಮಾತಿದು. ಆಕೆಯ ತಮ್ಮ ರಾಜರ ಕಚೇರಿಯಲ್ಲಿ ಬರೆಯುವ ಕೆಲಸಕ್ಕಿದ್ದ. ಕಚೇರಿಯೇ ಹೋಯಿತು, ಕೆಲಸ ಎಲ್ಲಿರುತ್ತದೆ? ಹಳೆಯ ಕಾರಭಾರಿಯೊಬ್ಬರ ಮನೆಯ ಹೊಲಮನೆ ವ್ಯವಹಾರ ನೋಡಿಕೊಂಡು, ಅವರು ಕೊಟ್ಟದ್ದರಲ್ಲಿ ಸಂಸಾರ ಎಳೆಯುತ್ತಿದ್ದ. ಕಾರಭಾರಿ ತೀರಿಕೊಂಡಿದ್ದರು. ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅವರ ಹೆಂಡತಿಯ ಮಾತು. ಇಡೀ ಓಣಿ ಆಕೆಗೆ ಅಜ್ಜಿ ಅನ್ನುತ್ತಿತ್ತು. ಅಜ್ಜಿ ನಿಲ್ಲು ಅಂದರೆ ಈ ತಮ್ಮ ನಿಲ್ಲಬೇಕು, ಕೂಡು ಅಂದರೆ ಕೂಡಬೇಕು.

ನಾನು ಜೋಶಿಯರ ಹಿತ್ತಲಿಗೆ ಗಡಿಗೆ ಕೊಡಲು ಹೋಗುತ್ತಿದ್ದೆ. ಒಂದು ಸಲ ನನ್ನ ಬುಟ್ಟಿಯಲ್ಲಿ ಐರಣಿ ಗಡಿಗೆ ಇದ್ದವು. ಮದುವೆಗೆ ಸುಣ್ಣ ಬಳಿದು ಚಿತ್ರ ತೆಗೆದು ಕೊಡುವ ಗಡಿಗೆ. ದ್ವಾರಕಾಬಾಯಿ ಬಾವಿಕಟ್ಟೆಯಿಂದ ನೋಡಿದಳು.

“ಕುಂಬಾರತಿ, ಆ ಗಿಳಿಗೆ ಕಣ್ಣ ಎಲ್ಲದ?”

“ಅದು ಗಿಳಿ ಅಲ್ಲರೀ ಬಾಯಾರ, ಆನಿ.”

ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ಇದ್ದಿಲ ತುಂಡು ತೆಗೆದುಕೊಂಡು ಬಾವಿಕಟ್ಟೆಯ ಕಲ್ಲಿನ ಮೇಲೆ ಒಂದು ಆನೆ ಬರೆದು ತೋರಿಸಿದಳು. ಕೈ ಎತ್ತಲಿಲ್ಲ, ಒಂದೇ ಗೆರೆ. ಕಡೆಗೆ ಕಣ್ಣಿಟ್ಟಳು. ಕಣ್ಣಿನ ಮೇಲೆ ಮುಪ್ಪಿನ ಸುಕ್ಕು ಬಿದ್ದಂಥ ಗೆರೆ ಎಳೆದಳು. ನಾನು ಅವತ್ತಿನ ತನಕ ಮಾಡಿದ ಆನೆಗಳೆಲ್ಲ ಹಂದಿ ಅಂತ ಗೊತ್ತಾಯಿತು.

“ನಮ್ಮಪ್ಪ ಜಾತಕದ ತಲಿಮ್ಯಾಲ ಗಣಪತಿ ಬರೀತಿದ್ರು, ಗ್ರಹ ಬರೀತಿದ್ರು. ಬಣ್ಣ ತುಂಬೂದು ನನ್ನ ಕೆಲಸ. ಕಡೀಕಡೀಕೆ ಅವರ ಕೈ ನಡಗ್ತಿತ್ತು, ಕಣ್ಣೂ ನಾನೇ ಇಡ್ತಿದ್ದೆ. ಜಾತಕ ಒಯ್ಯೂವರಿಗೆ ಗೊತ್ತಿರಲಿಲ್ಲ,” ಅಂದಳು.

ಹೀಗೆ ಶುರುವಾಯಿತು. ಮಣ್ಣು ನನ್ನದು, ಬಣ್ಣ ಆಕೆಯದು, ಬುಟ್ಟಿ ಹೊತ್ತು ತಿರುಗುವುದು ನನ್ನದು. ಯಾರ ಕೈ ಅಂತ ಕೇಳಿದರೆ ನಮ್ಮ ಓಣಿಯವರದು ಅಂತ ಹೇಳಬೇಕು ಅಂತ ಆಕೆಯೇ ಕಟ್ಟು ಹಾಕಿದ್ದಳು. ಒಯ್ದವರು ಅದನ್ನೂ ಹೇಳುತ್ತಿರಲಿಲ್ಲ. ನಮ್ಮ ಹುಡುಗಿ ಕೈ ಅನ್ನುತ್ತಿದ್ದರು. ಬದಲಿಗೆ ನಾನು ಜೋಳ, ಎಣ್ಣೆ ತಂದು ಹಿತ್ತಲಲ್ಲಿ ಇಡುತ್ತಿದ್ದೆ. ತಮ್ಮನ ಹೆಂಡತಿ ಒಳಗೆ ಒಯ್ಯುತ್ತಿದ್ದಳು. ಗಂಡ ಕೇಳಿದರೆ, ‘ನಮ್ಮ ತವರಿಂದ ಬಂತು’ ಅನ್ನುತ್ತಿದ್ದಳು. ಕುಂಬಾರತಿ ತಂದ ಕಾಳು ಅಂದರೆ ಆತ ಉಣ್ಣುತ್ತಿರಲಿಲ್ಲ. ತವರಿನ ಕಾಳು ಅಂದರೆ ಉಣ್ಣುತ್ತಿದ್ದ, ಮೇಲೆ ಅತ್ತೆ ಮಾವನನ್ನು ಹೊಗಳುತ್ತಿದ್ದ.

ಆ ವರ್ಷ ಚೈತ್ರದಲ್ಲಿ ಒಂದು ಬೆಳಿಗ್ಗೆ ನಾನು ಸುಟ್ಟ ಗೊಂಬೆ ಒಯ್ದರೆ ದ್ವಾರಕಾಬಾಯಿ ಬುಟ್ಟಿ ಮುಟ್ಟಲಿಲ್ಲ.

“ನನ್ನ ಪಂಢರಪುರಕ್ಕ ಬಿಡ್ತಾರಂತ. ಈ ಸಲ ನಡಕೋತ ಹೋಗೂ ದಿಂಡಿ ಜೋಡಿ.”

“ಛಲೋ ಆತಲ್ಲರಿ. ಹೋಗಿ ಬರ್ರಿ.”

“ಹೋಗೂದಷ್ಟೇ ಮಾತು. ಬರೂದು ಮಾತಾಗಿಲ್ಲ.”

ನನಗೆ ಆಗ ತಿಳಿಯಿತು. ಪಂಢರಪುರದ ಹೊಳೆಯ ದಂಡೆಯಲ್ಲಿ ಕೆಂಪು ಸೀರೆಯ ಮುದುಕಿಯರು ಸಾಲಾಗಿ ಅಂಗೈ ಚಾಚಿ ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲರೂ ಯಾರದೋ ಮನೆಯವರು. ಎಲ್ಲರನ್ನೂ ಯಾರೋ ದೇವರ ಕಾಲಿಗೆ ಬಿಟ್ಟು ಬಂದವರೇ.

“ಯಾಕಂತ?”

“ಮನ್ಯಾಗ ತಿನ್ನೂ ಬಾಯಿ ಭಾಳ ಆಗ್ಯಾವಂತ. ನಾ ಕೂತ ಉಣ್ಣೂಕಿ ಅಂತ.”

“ನಿಮ್ಮ ಕೈಯಿಂದ ಬಂದ ಜ್ವಾಳ ಅರ್ಧಾ ಮನಿ ತಿಂತೈತಿ. ತಮ್ಮಗ ಹೇಳ್ರಿ.”

“ಹೇಳಿದ್ರ ಅಂವ ಮೊದಲ ವಾಂತಿ ಮಾಡ್ಕೊಳ್ತಾನ, ಆಮ್ಯಾಲ ನನ್ನ ಹೊರಗ ಹಾಕ್ತಾನ. ಅವನ ಹೇಣ್ತಿ ತವರಿನ ಮಾನಾನೂ ಹೋಗ್ತದ.”

ಇದೇ ಸಿಕ್ಕು. ಹೇಳಿದರೆ ಗೊಂಬೆ ಯಾರೂ ಒಯ್ಯುವುದಿಲ್ಲ, ಹೇಳದಿದ್ದರೆ ಬರೆಯುವವಳು ಕೂತು ಉಣ್ಣುವವಳಾಗುತ್ತಾಳೆ.

ಅದೇ ಹೊತ್ತಿಗೆ ಮುಧೋಳದ ವಕೀಲರೊಬ್ಬರ ಹೆಂಡತಿ ಹೇಳಿ ಕಳಿಸಿದಳು. ವೈಶಾಖದಲ್ಲಿ ಮಗಳ ಲಗ್ನ. ಆಕೆಗೆ ಇಡೀ ನಿಬ್ಬಣವೇ ಬೇಕಿತ್ತು. ಮದುಮಗನ ಜೊತೆ ಬೀಗರೂರಿಗೆ ಹೊರಡುವ ಮೆರವಣಿಗೆ: ಕುದುರೆ ಮೇಲೆ ಬಾಸಿಂಗ ಕಟ್ಟಿದ ಮದುಮಗ, ಮುಂದೆ ಸನಾದಿ ಊದುವವರು, ಸಂಬಾಳ ಬಾರಿಸುವವರು, ಹಿಂದೆ ಕಳಸ ಹಿಡಿದ ಮುತ್ತೈದೆ ಕಳಸಗಿತ್ತಿ, ಆರತಿ ಹಿಡಿದವರು, ಪಂಚೆಯ ಭಟ್ಟರು, ಪೇಟದ ಹಿರಿಯರು, ಅಂಬಾರಿಯ ಒಂದು ಆನೆ. ಎಲ್ಲ ಬೆರಳುದ್ದ.

“ನಮ್ಮ ಹುಡುಗಿಗೆ ರಂಗೋಲಿ ಚುಕ್ಕಿ ಸುದ್ದಾ ಸಾಲಾಗಿ ಇಡ್ಲಿಕ್ಕೆ ಬರೋದಿಲ್ಲ ಕುಂಬಾರತಿ. ಬೀಗರು ನೋಡಿದ್ರ ಜಮಖಂಡಿ ಕಾರಭಾರಿ ಮನಿಯವರು. ಏನರೆ ತೋರಸಬೇಕಲ್ಲ.”

“ತೋರಸ್ರಿ. ಯಾರ ಕೈ ಅಂತ ಕೇಳಿದ್ರ?”

“ನಮ್ಮ ಹುಡುಗೀದು ಅಂತೀನಿ. ನೀ ಬಾಯಿ ಮುಚ್ಕೊಂಡು ಉಂಡು ಹೋಗು.”

“ಬಾಯಿ ಮುಚ್ಕೊಂಡು ಹೆಂಗ ಉಣ್ಣೂದ್ರಿ?”

“ನಿನ್ನ ಬಾಯಿ ಒಂದು! ಗೊಂಬಿ ಛಲೋ ಇರ್ಲಿಕ್ಕಂದ್ರ ನೋಡು ಮತ್ತ.”

ಜಮಖಂಡಿಗೆ ಬಂದು ದ್ವಾರಕಾಬಾಯಿಗೆ ಹೇಳಿದೆ. ಬೀಗರು ಯಾರು ಅಂತ ಕೇಳಿ ಆಕೆ ಕೂತಲ್ಲಿಂದ ಎದ್ದಳು.

“ಅಜ್ಜಿ ಬರ್ತಾರೇನ ಲಗ್ನಕ್ಕ?”

“ಮೊಮ್ಮಗನ ಲಗ್ನ. ಬರದ ಏನ ಮಾಡ್ತಾರ? ಒಳಗ ಕೂಡಂಗಿಲ್ಲ, ಹಿತ್ತಲ ಕಡೆ ಕೂಡತಾರ.”

“ಅವರೂ ನನ್ನಂಗೇ,” ಅಂದಳು. ಅಂದರೆ ಕೆಂಪು ಸೀರೆಯವರು. “ನಮ್ಮಪ್ಪ ಬರದ ಜಾತಕ ಅವರ ಮನ್ಯಾಗ ಪೆಟಿಗ್ಯಾಗ ಅವ. ಅಪ್ಪನ ಕೈ ಅಂದ್ರ ಅವರಿಗೆ ಭಾಳ ಅಭಿಮಾನ. ಅವರು ಕೇಳಿದ್ರ ಹೇಳು, ದ್ವಾರಕಿ ಕೈ ಅಂತ. ಬ್ಯಾರೆ ಯಾರು ಕೇಳಿದ್ರೂ ಹೇಳಬ್ಯಾಡ. ಅವರು ತಮ್ಮಗ ಒಂದು ಮಾತ ಅಂದ್ರ ಸಾಕು, ನನ್ನ ಕಳಸೂದಿಲ್ಲ.”

ನನಗೂ ಇದು ಸರಿ ಕಂಡಿತು. ವಿಧವೆ ವಿಧವೆಯ ಸಂಕಟ ಬಲ್ಲಳು ಅಂತ ನಾನೂ ಲೆಕ್ಕ ಹಾಕಿದೆ.

ಗಡಿಗೆಯ ಮಣ್ಣು ಗೊಂಬೆಗೆ ನಡೆಯುವುದಿಲ್ಲ. ಗಡಿಗೆಗೆ ಲದ್ದಿ, ಬೂದಿ ಬೆರೆಸುತ್ತೇವೆ, ಸುಟ್ಟ ಮೇಲೆ ಒರಟಾಗುತ್ತದೆ. ಗೊಂಬೆಗೆ ಕೆರೆಯ ಜಿಗುಟು ಮಣ್ಣು ಒಣಗಿಸಿ ಕುಟ್ಟಿ ನೀರಿನಲ್ಲಿ ಕದಡಬೇಕು. ಹರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಸರನ್ನು ಹಳೆಯ ಧೋತರದಲ್ಲಿ ಸೋಸಿಕೊಳ್ಳಬೇಕು. ಅದು ರೊಟ್ಟಿ ಹಿಟ್ಟಿನ ಹದಕ್ಕೆ ಬಂದಾಗ ಹಿಂಜಿದ ಹತ್ತಿ ಹಾಕಿ ನಾದಬೇಕು. ಹತ್ತಿ ಇದ್ದರೆ ಒಣಗುವಾಗ ಸೀಳುವುದಿಲ್ಲ. ಒಣಗಿಸುವುದು ನೆರಳಿನಲ್ಲಿ, ಗಾಳಿ ಬೀಸದ ಕಡೆ. ತ್ರಾಸು ಕೊಡುವುದು ಕುದುರೆ. ಕಾಲು ಸಣ್ಣ ಮಾಡಿದರೆ ಬೆಂಕಿಯಲ್ಲಿ ಮುರಿಯುತ್ತವೆ. ದಪ್ಪ ಮಾಡಿದರೆ ಮದುಮಗ ಎಮ್ಮೆ ಮೇಲೆ ಕೂತಂತೆ ಕಾಣುತ್ತಾನೆ. ಹೊಟ್ಟೆಯ ಕೆಳಗೆ ಹುಲ್ಲಿನ ಮೆದೆಯಂತೆ ಒಂದು ಆಸರೆ ಇಟ್ಟು ಸಂಭಾಳಿಸಿದೆ.

ಸುಡುವಾಗ ಗೊಂಬೆಗಳನ್ನು ಬರೀ ಬೆಂಕಿಗೆ ಇಡಬಾರದು. ದೊಡ್ಡ ಗಡಿಗೆಯೊಳಗೆ ಬೂದಿ ಹಾಸಿ ಅದರಲ್ಲಿ ಮಲಗಿಸಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ, ಆವಿಗೆಯ ನಡುವೆ ಇಡಬೇಕು. ಸುತ್ತ ಕುಳ್ಳು, ಹತ್ತಿಕಟ್ಟಿಗೆ. ಆವಿಗೆಗೆ ಬೆಂಕಿ ಹಚ್ಚಿದ ಸಂಜೆಯೇ ಅಡ್ಡಮಳೆ ಬಂತು. ಒಂದು ಮಗ್ಗಲು ನೆನೆದು ತಣ್ಣಗಾಯಿತು, ಒಂದು ಮಗ್ಗಲು ಕೆಂಡ. ತೆಗೆದು ನೋಡಿದರೆ ಗಡಿಗೆ ಬಿರಿದಿತ್ತು, ಒಳಗಿನ ನಿಬ್ಬಣ ಪುಡಿಯಾಗಿತ್ತು. ಮದುಮಗನ ತಲೆ ಒಂದು ಕಡೆ, ಮೈ ಒಂದು ಕಡೆ.

ನನ್ನ ಗಂಡ ಅದನ್ನು ಎತ್ತಿ ನೋಡಿದ. “ತಲಿ ಇಲ್ಲದ ಗಂಡನ್ನ ಕೊಟ್ರ ಒಲ್ಲೆ ಅಂತಾರೇನ ಅವರು?”

“ತಲಿ ಇದ್ದವನ ಕಟ್ಕೊಂಡು ನಾ ಏನ ಸುಖ ಕಂಡೇನಿ? ಮಣ್ಣ ಕಲಸು, ನಡಿ.”

ಎರಡನೆಯ ಸಲ ಹೆಚ್ಚಿಗೆ ಮಾಡಿದೆ, ಒಡೆದರೆ ಇರಲಿ ಅಂತ. ಈ ಸಲ ಮಳೆ ಬರಲಿಲ್ಲ. ಬಹಳಷ್ಟು ನೆಟ್ಟಗೆ ಬಂದವು. ಆದರೆ ಲಗ್ನ ಹತ್ತಿರ ಬಂದಿತ್ತು.

ದ್ವಾರಕಾಬಾಯಿಗೆ ಬರೆಯಲು ಸಿಗುತ್ತಿದ್ದದ್ದು ಬೆಳಕು ಹರಿದಾಗಿನಿಂದ ಸ್ನಾನದ ತನಕದ ಹೊತ್ತು ಮಾತ್ರ. ಕುಂಬಾರರ ಮಣ್ಣು ಮೈಲಿಗೆ. ಸ್ನಾನ ಮಾಡಿ ಮಡಿಯುಟ್ಟ ಮೇಲೆ ಮುಟ್ಟುವಂತಿಲ್ಲ. ಸ್ನಾನ ತಡವಾದರೆ ತಮ್ಮ ಕೂಗುತ್ತಾನೆ. ಅದಕ್ಕೇ ಆಕೆ ಒಂದು ಬೆಳಿಗ್ಗೆಗೆ ಒಂದೇ ಬಣ್ಣ ಹಿಡಿಯುತ್ತಿದ್ದಳು. ಮೊದಲು ಎಲ್ಲಕ್ಕೂ ಸೇಡಿ ಬಳಿದು ಬೆಳ್ಳಗೆ ಮಾಡುವುದು. ಮರುದಿನ ಎಲ್ಲದರ ಹಳದಿ. ಆಮೇಲೆ ಇಂಗಳೀಕದ ಕೆಂಪು, ನೀಲಿ, ಕಡೆಗೆ ಕಾಡಿಗೆ. ಜಾಲಿ ಅಂಟು ಕುದಿಸಿ ಬಣ್ಣಕ್ಕೆ ಬೆರೆಸಬೇಕು. ಅಂಟು ಹೆಚ್ಚಾದರೆ ಬಿಸಿಲಿಗೆ ಹಕ್ಕಳೆ ಏಳುತ್ತದೆ, ಕಡಿಮೆಯಾದರೆ ಎತ್ತಿದವರ ಕೈಗೆ ಬರುತ್ತದೆ. ಕುಂಚಕ್ಕೆ ಮೆತ್ತನೆಯ ಕೂದಲು ಬೇಕು. ಆಕೆಯ ತಲೆಯಲ್ಲಿ ಇರಲಿಲ್ಲ. ನಾನು ಅಳಿಲಿನ ಬಾಲದ್ದು ತಂದು ಕೊಡುತ್ತಿದ್ದೆ.

ಕಣ್ಣು ಇಡುವ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಆಕೆ ಉಸಿರು ಬಿಗಿಹಿಡಿದು ಒಂದು ಚುಕ್ಕಿ ಇಡುವುದು, ಗೊಂಬೆ ದೂರ ಹಿಡಿದು ನೋಡುವುದು, ಉಸಿರು ಬಿಡುವುದು. ಒಳಗಿಂದ ತಮ್ಮ, “ಅಕ್ಕಾ, ಸ್ನಾನ ಆತೇನ?” ಅಂತ ಕೂಗಿದ. “ಆತು, ಆತು,” ಅಂತ ಕೂಗಿ ಆನೆಯ ಕಣ್ಣಿಟ್ಟಳು.

ಗೊಂಬೆಗಳನ್ನು ಹೊಟ್ಟಿನಲ್ಲಿ ಹೂತು, ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮೋಟಾರಿನಲ್ಲಿ ಮುಧೋಳಕ್ಕೆ ಹೋದೆ. ರಸ್ತೆ ಹಲ್ಲು ಉದುರಿಸುವಂತಿತ್ತು. ಮಗ್ಗಲಲ್ಲಿ ಕೂತ ಮುದುಕ, “ತತ್ತಿ ಏನವ್ವಾ?” ಅಂತ ಕೇಳಿದ. “ನಿಬ್ಬಣ,” ಅಂದೆ. ಹುಚ್ಚಿ ಅಂತ ಆಕಡೆ ಸರಿದು ಕೂತ. ಒಂದು ಸನಾದಿಯ ತುದಿ ಬಿಟ್ಟರೆ ಏನೂ ಮುರಿಯಲಿಲ್ಲ.

ವಕೀಲರ ಹೆಂಡತಿ ಗೊಂಬೆಗಳನ್ನು ನೋಡಿ ಬಾಯಿ ಬಿಟ್ಟಳು. ಮಗಳನ್ನು ಕರೆದು, “ನೋಡ್ಕೋ, ಇವೆಲ್ಲಾ ನೀ ಮಾಡೀದಿ,” ಅಂದಳು. ಹುಡುಗಿ ಮುಖ ಸಣ್ಣ ಮಾಡಿತು. “ಯಾರರೆ ಇನ್ನೊಂದು ಬರಿ ಅಂದ್ರ?” ಅಂತ ಕೇಳಿತು. “ಲಗ್ನದ ಮನ್ಯಾಗ ಯಾರು ಬರಿ ಅಂತಾರ?” ಅಂದಳು ತಾಯಿ.

ಲಗ್ನದ ದಿನ ನಾನು ಹಿತ್ತಲಿನಲ್ಲಿದ್ದೆ. ನೀರಿನ ಗಡಿಗೆ, ಪಣತಿ ನಮ್ಮವೇ. ಅಜ್ಜಿ ಬಾವಿಯ ಕಡೆಯ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು, ಹೊರಗಿನ ವಾದ್ಯದ ಕಡೆ ಕಿವಿ ಕೊಟ್ಟು. ಅಕ್ಷತೆ ಬಿತ್ತು. ರುಖವತದ ಕೋಣೆಯಿಂದ ಹೆಂಗಸರ ದನಿ ಕೇಳಿಸಿತು. ನಾನು ಕಿಟಕಿಯಿಂದ ಇಣುಕಿದೆ. ಯಾರೂ ಉಂಡಿ ಚಕ್ಕುಲಿ ನೋಡುತ್ತಿರಲಿಲ್ಲ. ಎಲ್ಲರೂ ಬಗ್ಗಿ ನಿಬ್ಬಣ ನೋಡುತ್ತಿದ್ದರು. ಒಬ್ಬಾಕೆ ಕುದುರೆಯ ಮುಂದೆ ಕೂತು, “ಅಯ್ಯ, ಇದು ನನ್ನೇ ನೋಡ್ಲಿಕತ್ತದ,” ಅಂದಳು. “ಯಾರ ಕೈ? ಯಾರ ಕೈ?” “ನಮ್ಮ ಹುಡುಗೀದು,” ಅಂತ ವಕೀಲರ ಹೆಂಡತಿ ಹೇಳಿದ್ದೇ ಹೇಳಿದಳು.

ನಾನು ಹಿತ್ತಲ ಮೂಲೆಗೆ ಬಂದು ಎಲೆ ಹಾಕಿಕೊಂಡು ಉಣ್ಣಲು ಕೂತೆ. ಹೊಗಳಿಕೆ ವಕೀಲರ ಹೆಂಡತಿಯ ತಲೆಗೇರಿತು. ಅಷ್ಟಕ್ಕೇ ಬಿಡದೆ ಆನೆ ಎತ್ತಿಕೊಂಡು ತಾನೇ ಅಜ್ಜಿಯ ಹತ್ತಿರ ಬಂದಳು.

“ನೀವೂ ನೋಡಬೇಕು ಅಜ್ಜಿ. ನಿಮ್ಮ ಮೊಮ್ಮಗನ ಹೇಣ್ತಿ ಕೈ.”

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಈ ಕಣ್ಣು ಇಡ್ಲಿಕ್ಕೆ ಹುಡುಗಿಗೆ ಯಾರು ಕಲಿಸಿದ್ರು?”

“ಯಾರೂ ಇಲ್ರಿ. ತಾನೇ...”

“ಇದು ನಮ್ಮ ಊರ ಜೋಶಿಯವರು ಬರೀತಿದ್ದ ಆನಿ. ಅವರು ಸತ್ತು ಯಾವ ಕಾಲಾತು.”

ವಕೀಲರ ಹೆಂಡತಿ ನನ್ನ ಕಡೆ ನೋಡಿದಳು. ಅಜ್ಜಿಯೂ ನೋಡಿದರು.

“ತಂದಾಕಿ ನೀ ಏನ? ಹೇಳು. ಯಾರ ಕೈ?”

ನನ್ನ ಮುಂದೆ ಎಲೆ ಇತ್ತು, ಬಾಯಲ್ಲಿ ತುತ್ತು ಇತ್ತು. ನುಂಗುವಷ್ಟು ಹೊತ್ತು ಸಿಕ್ಕಿತು. ಹುಡುಗಿ ಕೈ ಅಂದರೆ ಮುಧೋಳದ ಮನೆ ನನ್ನ ಕೈ ಬಿಡುವುದಿಲ್ಲ. ನಮ್ಮ ಓಣಿ ಕೈ ಅಂದರೂ ನಡೆಯುತ್ತಿತ್ತು. ಆದರೆ ಕೇಳುತ್ತಿರುವವರು ಅಜ್ಜಿ. ಕೇಳಿದ್ದೂ ಒಂದೇ ಸಲ. ಅಕ್ಷತೆ ಬಿದ್ದಾಗಿದೆ, ಹುಡುಗಿಯ ಲಗ್ನ ಮುರಿಯುವುದಿಲ್ಲ. ದಿಂಡಿಗೆ ಇನ್ನು ಒಂದು ತಿಂಗಳೂ ಉಳಿದಿಲ್ಲ.

“ಜೋಶಿಯರ ಮಗಳದು ಅಜ್ಜಿಯಾರ. ದ್ವಾರಕಾಬಾಯಾರ ಕೈ. ಅಪ್ಪನ ಕಡೆಯ ಜಾತಕಕ್ಕ ಕಣ್ಣ ಇಟ್ಟಾಕಿನೂ ಆಕಿನೇ.”

ಅಜ್ಜಿ ಆನೆಯನ್ನು ವಕೀಲರ ಹೆಂಡತಿಯ ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟರು. ಕೈಯನ್ನು ಸೀರೆಗೆ ಒರೆಸಿಕೊಂಡರು.

“ಇದು ಲಗ್ನದ ಗೊಂಬಿ ಅಂತ ಆಕಿಗೆ ಗೊತ್ತಿತ್ತೇನ?”

“ಗೊತ್ತಿತ್ರಿ.”

“ಗೊತ್ತಿದ್ದೂ ಬರದ್ಲು.” ಅಜ್ಜಿಯ ದನಿ ಏರಲಿಲ್ಲ. “ನಾ ನನ್ನ ಮೊಮ್ಮಗನ ಲಗ್ನದಾಗ ಈ ಹೊಸ್ತಲ ದಾಟಿಲ್ಲ. ಅವನ ಮ್ಯಾಲ ಒಂದು ಅಕ್ಷತಿ ಕಾಳ ಒಗದಿಲ್ಲ. ನನಗ ಆಶಾ ಇರಲಿಲ್ಲೇನ? ಆಕಿ ಮಾತ್ರ ದಾಟಬಹುದು?”

ಅಜ್ಜಿ ವಕೀಲರ ಹೆಂಡತಿಯ ಕಡೆ ತಿರುಗಿದರು.

“ಎಲ್ಲಾ ತಗಸ್ರಿ ಅವನ್ನ. ಹೊಳಿಗೆ ಬಿಡ್ರಿ. ಈಗಿಂದೀಗ.”

ನಾನು ಎಂಜಲು ಕೈಯಲ್ಲೇ ಎದ್ದೆ. “ಬಿಟ್ರ ಬಿಡ್ರಿ ಅಜ್ಜಿಯಾರ. ಆದ್ರ ಆಕೀನ್ನ ಪಂಢರಪುರಕ್ಕ ಅಟ್ಟಾಕತ್ತಾರ. ಕಳಸಬ್ಯಾಡ ಅಂತ ತಮ್ಮಗ ಒಂದು ಮಾತ ಹೇಳ್ರಿ. ನೀವು ಹೇಳಿದ್ರ ಕೇಳತಾನ.”

“ದೇವರ ಪಾದಕ್ಕ ಹೋಗೂದು ಶಿಕ್ಷಾ ಏನ? ಪುಣ್ಯ ಅದು. ಮೊದಲಽ ಕಳಿಸಿದ್ರ ಇದಾಗ್ತಿರಲಿಲ್ಲ.”

ಮೈಲಿಗೆಯ ಗೊಂಬೆಗಳನ್ನು ಮುಟ್ಟಲು ಬೇರೆ ಯಾರೂ ಬರಲಿಲ್ಲ. ನಾನೇ ಬುಟ್ಟಿಗೆ ತುಂಬಿದೆ. ಬಿಟ್ಟೆನೋ ಇಲ್ಲವೋ ನೋಡಲು ಆಳು ಒಬ್ಬ ಹಿಂದೆ ಬಂದ. ಬೇಸಿಗೆಯ ಘಟಪ್ರಭೆಯಲ್ಲಿ ನೀರು ಮಡುಗಳಲ್ಲಿ ಮಾತ್ರ ಇತ್ತು. ಒಂದು ಮಡುವಿಗೆ ಒಂದೊಂದೇ ಬಿಟ್ಟೆ. ಸುಟ್ಟ ಮಣ್ಣು ಕರಗುವುದಿಲ್ಲ. ಅಂಟಿನ ಬಣ್ಣ ಹೋಗುತ್ತದೆ. ಮೊದಲು ಹೋದದ್ದು ಕಣ್ಣು, ಅದು ಎಲ್ಲಕ್ಕಿಂತ ಮೇಲೆ ಇಟ್ಟ ಬಣ್ಣ. ಆಮೇಲೆ ಕೆಂಪು. ಕಡೆಗೆ ಬೆಳ್ಳನೆಯ ಗೊಂಬೆಗಳು ತಳದಲ್ಲಿ ಕಂಡವು. ಆಳು, “ಆತು, ನಡಿ,” ಅಂದ.

ನಾನು ಜಮಖಂಡಿ ಮುಟ್ಟುವುದಕ್ಕಿಂತ ಮೊದಲು ಸುದ್ದಿ ಮುಟ್ಟಿತ್ತು. ಜೋಶಿಯರ ಹಿತ್ತಲಲ್ಲಿ ತಮ್ಮ ನಿಂತಿದ್ದ.

“ನಮ್ಮ ಮನೆತನದ ಹೆಸರ ಬುಟ್ಟ್ಯಾಗ ಇಟ್ಟು ಮಾರೀದಿ?”

“ಮನೆತನದ್ದು ಮಾರಿಲ್ರಿ. ಬರದಾಕಿ ಯಾರಂತ ಕೇಳಿದ್ರು, ಹೇಳೇನಿ. ಕೂತ ಉಣ್ಣೂಕಿ ಅಂತೀರಲ್ಲ, ಆಕಿ ಕೈಯಿಂದ ಬಂದ ಜ್ವಾಳ ನೀವೂ ಉಂಡೀರಿ.”

ಆತ ಹೆಂಡತಿಯ ಕಡೆ ತಿರುಗಿದ. “ಅದು ನಿನ್ನ ತವರಿನ ಜ್ವಾಳ ಅಲ್ಲೇನ?”

“ತವರಿಂದಽ,” ಅಂದಳು ಆಕೆ, ನೆಲ ನೋಡುತ್ತ. “ಈಕಿ ಸುಳ್ಳ ಹೇಳ್ತಾಳ.”

ನಾನು ದ್ವಾರಕಾಬಾಯಿಯನ್ನು ನೋಡಿದೆ. ಆಕೆ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ತಮ್ಮ ಬಾಗಿಲು ತೋರಿಸಿ ನನ್ನನ್ನು ಹೊರಗೆ ಹಾಕಿದ.

ಆಮೇಲೆ ಒಂದು ಬೆಳಿಗ್ಗೆ ಆತ ಊರಲ್ಲಿಲ್ಲದಾಗ ಹೋದೆ.

“ಯಾಕ ಸುಮ್ಮ ನಿಂತ್ರಿ ಅವತ್ತ?”

“ನಾ ಹೋಗೂಕಿ. ಆಕಿ ಈ ಮನ್ಯಾಗ ಇರೂಕಿ. ಇಬ್ಬರದೂ ಯಾಕ ಹಾಳಾಗಬೇಕು?” ಆಮೇಲೆ ಕೇಳಿದಳು. “ಎಲ್ಲಾ ಹೊಳಿಗೆ ಹಾಕಿಸಿದ್ರೇನ?”

“ಎಲ್ಲಾ.”

“ಹಾಕೂದಕ್ಕಿಂತ ಮೊದಲ ನೋಡಿದ್ರೋ ಇಲ್ಲೋ?”

“ನೋಡಿದ್ರರೀ. ಬಗ್ಗಿ ಬಗ್ಗಿ ನೋಡಿದ್ರು. ಒಬ್ಬಾಕಿ ಕುದರಿ ಮುಂದ ಕುಂತು, ಇದು ನನ್ನೇ ನೋಡಾಕತ್ತೈತಿ ಅಂದ್ಲು.”

“ಖರೇ?”

“ಖರೆ.”

“ಹೆಂಗ ಅಂದ್ಲು? ಇನ್ನೊಮ್ಮೆ ಹೇಳು.”

ಹೇಳಿದೆ. ಆಕೆ ಕೇಳಿಸಿಕೊಂಡಳು. ಅತ್ತದ್ದು ನಾನು ನೋಡಲಿಲ್ಲ, ಆಮೇಲೆ ಅತ್ತಿದ್ದರೆ ಗೊತ್ತಿಲ್ಲ.

“ಎರಡನೇ ಸಲ ಸುಟ್ಟದ್ದರಾಗ ಉಳದಾವೇನ?”

“ಉಳದಾವ್ರಿ, ಒಂದು ನಿಬ್ಬಣದಷ್ಟು.”

“ತಂದು ಕೊಡು.”

“ಯಾರಿಗೆ ಬರೀತೀರಿ ಇನ್ನ?”

“ತಂದು ಕೊಡು ಅಂದ್ರ ತಂದು ಕೊಡು. ಭಾಳ ಮಾತಾಡ್ತಿ.”

ತಂದು ಕೊಟ್ಟೆ. ಜ್ಯೇಷ್ಠದಲ್ಲಿ ದಿಂಡಿ ಹೊರಟಿತು. ಆಕೆಯ ತಮ್ಮ ಊರ ಹೊರಗಿನ ತನಕ ಬಂದು, ಕಾಲಿಗೆ ಬಿದ್ದು ಹಿಂದೆ ಹೋದ. ಆಕೆ ಒಂದು ಗಂಟು ಹಿಡಿದುಕೊಂಡು ತಾಳ ಬಾರಿಸುವವರ ಹಿಂದೆ ನಡೆದಳು. ನಾನು ರಸ್ತೆಯ ಮಗ್ಗಲಿಗೆ ನಿಂತಿದ್ದೆ. ನನ್ನನ್ನು ನೋಡಿ ಕೈ ಎತ್ತಿದಳು, ನಾನೂ ಎತ್ತಿದೆ. ಆಮೇಲೆ ಆಕೆಯ ಸುದ್ದಿ ಬರಲಿಲ್ಲ. ಪಂಢರಪುರಕ್ಕೆ ಹೋಗಿ ಬಂದವರನ್ನೆಲ್ಲ ಕೇಳಿದೆ. ಅಲ್ಲಿ ಕೆಂಪು ಸೀರೆಯವರು ಬಹಳ, ಯಾರಂತ ಗುರುತು ಹಿಡಿಯೋಣ ಅಂದರು.

ಶ್ರಾವಣದಲ್ಲಿ ತಮ್ಮನ ಹೆಂಡತಿ ನಮ್ಮ ಓಣಿಗೆ ಬಂದಳು. ಬ್ರಾಹ್ಮಣರ ಹೆಂಗಸು ಕುಂಬಾರ ಓಣಿಗೆ ಕಾಲಿಟ್ಟರೆ ಸಣ್ಣ ಮಾತಲ್ಲ. ಸೆರಗಿನ ಕೆಳಗೆ ಒಂದು ಬುಟ್ಟಿ ಇತ್ತು. ಅರೆ ಹೊಟ್ಟೆ ಉಂಡವರ ಮುಖ ನನಗೆ ಗೊತ್ತಾಗುತ್ತದೆ. ಕೂಡು ಅಂದೆ. ಕೂಡಲಿಲ್ಲ.

“ಅವರು ಬಿಟ್ಟು ಹೋಗ್ಯಾರ. ಕಟ್ಟಿಗಿ ಕೋಣ್ಯಾಗ ಇದ್ದವು,” ಅಂದಳು.

ತೆರೆದೆ. ನಿಬ್ಬಣ. ಹೋಗುವ ತನಕ ಬೆಳಿಗ್ಗೆ ಬೆಳಿಗ್ಗೆ ಬರೆದಿದ್ದಾಳೆ. ಬಣ್ಣ ತೀರುತ್ತ ಬಂದದ್ದು ಗೊತ್ತಾಗುತ್ತಿತ್ತು, ಹಿರಿಯರ ಪೇಟಕ್ಕೆ ಹಳದಿ ತೆಳ್ಳಗೆ ಬಿದ್ದಿತ್ತು. ಆದರೆ ಮುಧೋಳಕ್ಕೆ ಒಯ್ದ ನಿಬ್ಬಣಕ್ಕಿಂತ ಇದು ಒಂದು ಕೈ ಮೇಲು. ಸನಾದಿಯವನ ಗಲ್ಲ ಉಬ್ಬಿತ್ತು. ಭಟ್ಟರಿಗೆ ನಿದ್ದೆ ಬಂದಿತ್ತು.

“ನಾ ಮುತ್ತೈದಿ,” ಅಂದಳು ತಮ್ಮನ ಹೆಂಡತಿ. “ನನ್ನ ಕೈ ಅಂತ ಹೇಳಿದ್ರ ಯಾರೂ ಬ್ಯಾಡ ಅನ್ನೂದಿಲ್ಲ. ಬಿಳಗಿಗೆ ಒಯ್ಯಿ, ಬನಹಟ್ಟಿಗೆ ಒಯ್ಯಿ. ಜ್ವಾಳ ಮೊದಲಿನಂಗ ತಂದು ಇಡು.” ಆಮೇಲೆ ದನಿ ತಗ್ಗಿಸಿದಳು. “ಅದೊಂದನ್ನ ಮಾತ್ರ ತಗದು ಬಿಡು. ಅದಿದ್ರ ಯಾರೂ ಒಯ್ಯೂದಿಲ್ಲ.”

ಬೆರಳು ತೋರಿಸಿದ ಕಡೆ ನೋಡಿದೆ. ಕುದುರೆಯ ಹಿಂದೆ ಕಳಸಗಿತ್ತಿ ಇರಬೇಕಾದ ಜಾಗದಲ್ಲಿ ಕೆಂಪು ಸೀರೆ, ತಲೆ ತುಂಬ ಸೆರಗು, ಬರೀ ಹಣೆ. ನಾನು ಮಾಡಿದ್ದು ಕಳಸಗಿತ್ತಿಯನ್ನೇ. ಸೀರೆ ಆಕೆ ಉಡಿಸಿದ್ದಳು. ಕಣ್ಣು ನೆಟ್ಟಗೆ ಮುಂದೆ ನೋಡುತ್ತಿತ್ತು.

“ಒಯ್ಯೋದಾದ್ರ ಎಲ್ಲಾ ಕೂಡೇ ಒಯ್ತೇನಿ,” ಅಂದೆ. “ನಿಮ್ಮ ಹೆಸರ ಹೇಳಂಗಿಲ್ಲ.”

“ಹಂಗಾದ್ರ ಮಾರೂದಿಲ್ಲ ಅವು.”

“ಮಾರೂದಿಲ್ಲ, ಬಿಡ್ರಿ.”

ಆಕೆ ಬುಟ್ಟಿ ತಿರುಗಿ ಕೇಳಲಿಲ್ಲ. ನಿಂತೇ ಇದ್ದಳು. ನಾನು ಒಳಗೆ ಹೋಗಿ ಒಂದು ಮೊರ ಜೋಳ ತಂದು ಸುರಿದೆ. ಸೆರಗು ಒಡ್ಡಿ ಹಾಕಿಸಿಕೊಂಡು ಹೋದಳು. ಮನೆಯಲ್ಲಿ ಎಲ್ಲಿಂದ ಬಂತು ಅಂತ ಹೇಳಿದಳೋ ನಾನು ಕೇಳಿಲ್ಲ.

ಮಳೆಗಾಲ ಹಿಂದಾದ ಮೇಲೆ ಬಿಳಗಿಯ ಒಂದು ಮದುವೆ ಮನೆಗೆ ಒಯ್ದೆ. ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಮನೆಯಾಕೆ ಸನಾದಿಯವನ ಗಲ್ಲ ನೋಡಿ ನಕ್ಕಳು, ಅತ್ತೆಯನ್ನು ಕರೆದು ತೋರಿಸಿದಳು, ಮಗಳನ್ನು ಕರೆದಳು. ಬೇಕೇ ಬೇಕು ಅಂದಳು. ಆಮೇಲೆ ಕುದುರೆಯ ಹಿಂದೆ ಬೆರಳಿಟ್ಟಳು.

“ಇದು ಯಾರಿದು, ನಿಬ್ಬಣದಾಗ ಇಂಥಾಕಿ?”

“ಬರದಾಕಿರಿ,” ಅಂದೆ. “ದ್ವಾರಕಾಬಾಯಿ ಅಂತ ಹೆಸರು.”

ಆಕೆ ಬೆರಳು ಹಿಂದಕ್ಕೆ ತೆಗೆದಳು. ಮಗಳನ್ನು ಒಳಗೆ ಕಳಿಸಿದಳು. ನಾನು ಗೊಂಬೆಗಳನ್ನು ಒಂದೊಂದೇ ಹೊಟ್ಟಿನಲ್ಲಿ ಮಲಗಿಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮಗ್ಗಲ ಮನೆಗೆ ಹೋದೆ.